ಎಳ್ಳಿನ ಅವಸರ

ನೀಲಗಂಗಕ್ಕ ಮಕ್ಕಳ ಬೆಳಗಿನ ತಿಂಡಿಗೆಂದು ಕಾಳುಗಳನ್ನು ಒಂದೊಂದಾಗಿ ಹುರಿಯುತ್ತಿದ್ದಳು. ಎಲ್ಲ ಹುರಿದ ಮೇಲೆ ಜೋಳದ ಅರಳಿನ ಜೊತೆ ಶುಂಠಿ, ಏಲಕ್ಕಿ ಹಾಕಿದ ಬೆಲ್ಲದ ಪಾಕದಲ್ಲಿ ಕಲಸುವುದು ಅವಳ ಪದ್ಧತಿ. ಮೊದಲು ಶೇಂಗಾ ಬಾಣಲೆಗೆ ಬಿತ್ತು. ಅದರ ಜೊತೆ ಒಂದೇ ಮೊರದಲ್ಲಿ ಬಿಸಿಲು ಕಾಯಿಸಿಕೊಂಡಿದ್ದ ಎಳ್ಳಿನ ಕಾಳೊಂದು ಒಲೆಯ ಪಕ್ಕದ ತಟ್ಟೆಯ ಅಂಚಿಗೆ ಓಡಿಬಂದು ಕೂಗಿತು:

"ಶೇಂಗಣ್ಣಾ, ನಾನೂ ಬರ್ತೀನಿ!"

"ಬರಬೇಡ ತಮ್ಮಾ. ನನಗೆ ಕಾಲು ಗಂಟೆ ಬೇಕು, ನಿನಗೆ ಎರಡು ನಿಮಿಷ ಸಾಕು. ನಿನ್ನ ಸರದಿ ಬರಲಿ, ಪಾಕದಲ್ಲಿ ಸಿಗೋಣ."

"ಅಲ್ಲೀತನಕ ನಾನೊಬ್ಬನೇ ಏನು ಮಾಡಲಿ?"

ಪಕ್ಕದಲ್ಲಿದ್ದ ಒಣಶುಂಠಿ ನಕ್ಕಿತು. "ಸುಮ್ಮನೆ ಕೂತ್ಕೋ, ಗಡಿಬಿಡಿರಾಯ. ನಾನು ಒಣಗೋಕೇ ತಿಂಗಳು ಕಾದಿದ್ದೀನಿ, ನನ್ನ ಮುಖ ನೋಡು!"

ಎಳ್ಳು ಕೇಳಲಿಲ್ಲ, ಹಾರಿಯೇ ಬಿಟ್ಟಿತು. ಶೇಂಗಾದ ಮಗ್ಗುಲಿಗೆ ಬಿದ್ದು, "ನೋಡು, ಬಂದೇಬಿಟ್ಟೆ" ಎಂದಿತು. ಶೇಂಗಾದ ಮೈ ಇನ್ನೂ ಸರಿಯಾಗಿ ಬೆಚ್ಚಗಾಗಿರಲಿಲ್ಲ, ಅಷ್ಟರಲ್ಲಿ ಎಳ್ಳು ಚಟ್ ಎಂದು ಸಿಡಿದು ಕರಕಾಯಿತು.

"ಅಯ್ಯ, ಇದೆಲ್ಲಿಂದ ಬಂತು?" ಎಂದು ನೀಲಗಂಗಕ್ಕ ಅದನ್ನು ಸೌಟಿನ ತುದಿಯಿಂದ ತೆಗೆದು ಆಚೆ ಚೆಲ್ಲಿದಳು.

ಆಮೇಲೆ ಉಳಿದ ಎಳ್ಳೆಲ್ಲ ಹದವಾಗಿ ಹುರಿದುಕೊಂಡು ಪಾಕಕ್ಕೆ ಬಂದು ಬಿತ್ತು. "ಶೇಂಗಣ್ಣಾ, ಅತ್ತ ಸರಿ, ಜಾಗ ಕೊಡು!" ಅಂತ ಗದ್ದಲವೋ ಗದ್ದಲ. ಶೇಂಗಾ ಎಲ್ಲರನ್ನೂ ಮೈಗೆ ಅಂಟಿಸಿಕೊಂಡಿತು. ಮಗ್ಗುಲಲ್ಲಿ ಒಂದು ಕಾಳಿನಷ್ಟು ಜಾಗವನ್ನು ಮಾತ್ರ, ಪಾಕ ಗಟ್ಟಿಯಾಗುವವರೆಗೂ, ಯಾರಿಗೂ ಕೊಡಲಿಲ್ಲ.