ಕೊಕ್ಕರೆ ಕಟ್ ಮಾಡಿಸದ ಆಟ

ಬೇಸಿಗೆಗೆ ಕೆರೆ ಬತ್ತಿ, ಮೀನುಗಳೆಲ್ಲ ತೂಬಿನ ಬಳಿಯ ಒಂದೇ ಗುಂಡಿಗೆ ಬಂದು ಸೇರಿದ್ದವು. ಆ ಗುಂಡಿ ಯಾರಿಗೆಂದು ಕಿತ್ತಾಡುವ ಬದಲು ಕೊಕ್ಕರೆ, ಆಮೆ, ನೀರುನಾಯಿ ಇಸ್ಪೀಟಿಗೆ ಕೂತವು. ಮೊದಲು ಎರಡು ಆಟ ಗೆದ್ದವರಿಗೆ ಗುಂಡಿ.

ಮೊದಲ ಸರದಿ ಕೊಕ್ಕರೆಯದು. ಮೋಸವಾಗದಿರಲೆಂದು, ಕಲಸಿದ ಎಲೆಗಳನ್ನು ಪಕ್ಕದವರಿಂದ ಕಟ್ ಮಾಡಿಸಿ ಹಂಚುವುದು ವಾಡಿಕೆ. ಕೊಕ್ಕರೆ ಕಲಸಿದ್ದೇ ಹಂಚತೊಡಗಿತು. ಪಕ್ಕದಲ್ಲಿದ್ದ ನೀರುನಾಯಿ ಮೆಲ್ಲಗೆ ಕೇಳಿತು.

"ಸ್ವಾಮಿ, ನನ್ನಿಂದ ಕಟ್ ಮಾಡಿಸಲಿಲ್ಲವಲ್ಲ?"

ಕೊಕ್ಕರೆ ಒಂದು ಕಾಲು ಮಡಚಿ ಕಣ್ಣು ಅರೆಮುಚ್ಚಿತು. "ಒಂಟಿ ಕಾಲಲ್ಲಿ ತಪಸ್ಸು ಮಾಡುವವನ ಮೇಲೂ ಅನುಮಾನವೇ? ಇಂಥ ಮಾತು ಕೇಳಲೆಂದೇ ಇಷ್ಟು ದಿನ ಬದುಕಿದ್ದೆನೇ!"

"ಬಿಡಪ್ಪ, ಹಿರಿಯರ ಮನಸ್ಸು ನೋಯಿಸಬೇಡ," ಎಂದಿತು ಆಮೆ.

ನೀರುನಾಯಿ ನಾಚಿ ತಲೆ ತಗ್ಗಿಸಿತು. ಎಕ್ಕಗಳೆಲ್ಲ ಕೊಕ್ಕರೆಗೇ ಬಿದ್ದವು. ಆಟ ಅದರದ್ದೇ ಆಯಿತು.

ಮುಂದಿನ ಸರದಿ ನೀರುನಾಯಿಯದು. ಮತ್ತೆ ಕಟ್ ಮಾತೆತ್ತಿದರೆ ಹಿರಿಯರನ್ನು ಚುಚ್ಚಿದಂತಾದೀತೆಂದು ಹೆದರಿ, ಅದೂ ಕಲಸಿದ್ದೇ ಹಂಚಲು ಹೊರಟಿತು. ಮೊದಲ ಎಲೆ ಕೈ ಬಿಡುವ ಮುಂಚೆಯೇ ಕೊಕ್ಕರೆಯ ಕೊಕ್ಕು ಟಕ್ಕೆಂದು ಎಲೆಗಳ ಮೇಲೆ ಬಂದು ಕೂತಿತು.

"ತಾಳು! ಕಟ್ ಮಾಡಿಸದೆ ಹಂಚುತ್ತೀಯಾ? ಆಟಕ್ಕೊಂದು ನ್ಯಾಯ ಬೇಡವೇ?"

ನೀರುನಾಯಿ ಎಲೆಗಳನ್ನು ಅದರ ಮುಂದೆ ಸರಿಸಿತು. "ಅದಕ್ಕೇನಂತೆ, ಮಾಡಿ ಸ್ವಾಮಿ. ಬೇಜಾರೇನಿಲ್ಲ."

ಆಮೆ ಚಿಪ್ಪಿನಿಂದ ಕತ್ತನ್ನು ಪೂರ್ತಿ ಹೊರಗೆ ಚಾಚಿತು.

"ಕೊಕ್ಕರೆಯವರೇ, ಈ ಮಾತು ಆಗ ನಿಮ್ಮ ಬಾಯಲ್ಲಿ ಬರಬೇಕಿತ್ತು. ಹೋದ ಆಟ ಲೆಕ್ಕಕ್ಕಿಲ್ಲ. ನೀವೇ ಮತ್ತೆ ಕಲಸಿ, ಕಟ್ ಮಾಡಲು ಅವನ ಕೈಗೇ ಕೊಡಿ."