ಹೆಪ್ಪುಗಟ್ಟದ ಹಾಲು

ಒಂದು ಹೊಳೆ. ಹೊಳೆಯ ದಂಡೆಗೆ ಒಂದು ಆಶ್ರಮ. ಆಶ್ರಮದೊಳಗೆ ಹತ್ತು ಮಂಚದ ಆಸ್ಪತ್ರೆ.

ಆ ಆಸ್ಪತ್ರೆಯ ಬಚ್ಚಲು, ಕಕ್ಕಸಿನ ನೀರೆಲ್ಲ ತಿಳಿಯಾಗಲೆಂದು ಶಿಷ್ಯ ಹೊನ್ನಯ್ಯ ಎರಡು ವರ್ಷ ಮೈಮುರಿದು ದುಡಿದ. ಮರಳು, ಇದ್ದಿಲು ಹಾಸಿ ಕೊಳ ಕಟ್ಟಿದ. ಬೆಳಗಾದರೆ ತೂಬು ತೆಗೆದು ಆ ನೀರನ್ನು ಹೊಳೆಗೆ ಬಿಡಬೇಕು. ಸುತ್ತೂರಿಗೆಲ್ಲ ಕರೆ ಹೋಗಿತ್ತು. ಅವನ ಎದೆ ಒಂದು ಗೇಣು ಉಬ್ಬಿತ್ತು.

ಬೊಗಸೆಯಲ್ಲಿ ನೀರು ತಂದು ಗುರುಗಳ ಮುಂದೆ ಹಿಡಿದ. "ಅಜ್ಜಯ್ಯ, ನೋಡಿ. ಅಂಗೈ ಗೆರೆ ಎಣಿಸಬಹುದು!"

"ಭಲೆ," ಅಂದರು ಅಜ್ಜಯ್ಯ. "ಇವತ್ತು ಕೆಂದಿ ಹಸುವಿನ ಹಾಲಿಗೆ ಹೆಪ್ಪು ಹಾಕು."

"ಆ ಹಾಲು ಚೆಲ್ತಿದೀವಲ್ಲ? ಕೆಚ್ಚಲು ಬಾತಿದೆ ಅಂತ ಇಂಜೆಕ್ಷನ್ ಕೊಡಿಸಿದೆ."

"ಕುಡಿ ಅಂದ್ನಾ? ಹೆಪ್ಪು ಹಾಕು ಅಂದೆ."

ಬೆಳಿಗ್ಗೆ ನೋಡಿದರೆ, ಬೇರೆ ಹಸುವಿನ ಹಾಲು ಗಟ್ಟಿ ಮೊಸರಾಗಿದೆ. ಕೆಂದಿಯ ಹಾಲು ಹಾಲಾಗಿಯೇ ಕೂತಿದೆ.

"ಕಣ್ಣಿಗೇನಾದರೂ ಐಬು ಕಾಣುತ್ತಾ?" ಅಂದರು ಅಜ್ಜಯ್ಯ.

"ಇಲ್ಲ. ಬೆಳ್ಳಗೇ ಇದೆ. ಆದರೆ ಒಳಗಿನ ಔಷಧಿ ಹೆಪ್ಪನ್ನೇ ಕೊಂದಿದೆ."

"ನಿನ್ನ ಆಸ್ಪತ್ರೆಯ ರೋಗಿಗಳು ಏನು ನುಂಗ್ತಾರೆ?"

"ಇದೇ ಜಾತಿಯದು. ಆಂಟಿಬಯಾಟಿಕ್."

"ನುಂಗಿದ್ದೆಲ್ಲ ಮೈಗೇ ಹತ್ತುತ್ತಾ?"

"ಒಂದಿಷ್ಟು ಉಚ್ಚೆಯಲ್ಲಿ ಹೋಗುತ್ತೆ. ನನ್ನ ಕೊಳಕ್ಕೆ..." ಹೊನ್ನಯ್ಯನ ದನಿ ಇಳಿಯಿತು. "ಕೊಳೆ ಹೋಯ್ತಾ ಅಂತ ನೋಡಿದೆ. ಔಷಧಿ ಹೋಯ್ತಾ ಅಂತ ನೋಡಲೇ ಇಲ್ಲ."

"ಹೋಗದಿದ್ದರೇನಂತೆ? ಅಷ್ಟು ದೊಡ್ಡ ಹೊಳೆಗೆ ಒಂದು ತೊಟ್ಟು."

"ದಿನಾ ತೊಟ್ಟು ತೊಟ್ಟು ಕುಡಿದು ರೋಗದ ಹುಳ ಪಳಗುತ್ತೆ, ಅಜ್ಜಯ್ಯ. ಆಮೇಲೆ ಕೆಳಕೇರಿ ಮಗುವಿನ ಗಾಯ ಕೀವಾದರೆ, ಮಾತ್ರೆ ಕೊಟ್ಟರೂ ಆ ಹುಳ ಜಗ್ಗಲ್ಲ."

"ಜನ ಬಂದರು, ಹೋಗು," ಅಂದರು ಅಜ್ಜಯ್ಯ.

ಡೋಲು ಬಡಿಯುತ್ತಿತ್ತು. ತೂಬಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಹೊನ್ನಯ್ಯ ತೂಬಿನ ಬಳಿ ಹೋದ. ಹಾರ ಬಿಚ್ಚಿ ಕೆಳಗಿಟ್ಟ.

"ಅಣ್ಣಂದಿರಾ, ಅಕ್ಕಂದಿರಾ, ಇವತ್ತು ತೂಬು ತೆಗೆಯಲ್ಲ. ನೀರು ತಿಳಿಯಾಗಿದೆ, ಶುದ್ಧ ಆಗಿಲ್ಲ. ಒಳಗಿನ ಔಷಧಿ ತೆಗೆಯೋದು ನಾನು ಕಲಿಯೋತನಕ ಇದು ಕೊಳ ದಾಟಲ್ಲ. ತಪ್ಪು ನನ್ನದು."

ಡೋಲು ನಿಂತಿತು. ಮುಂದೆ ಕೂತಿದ್ದ ಪಟೇಲರು ಹೆಗಲ ವಲ್ಲಿ ಕೊಡವಿ ಎದ್ದರು.

"ಮದುವೆಗೆ ಕರೆದು ಹೆಣ್ಣಿಲ್ಲ ಅಂದ ಹಾಗಾಯ್ತು! ಇಂಥವನಿಗೆ ಪಾಠ ಹೇಳಿದ ಮಹಾನುಭಾವ ಯಾರಪ್ಪಾ?"

ಹಿಂದೆ ನೆಲದ ಮೇಲೆ ಕೂತಿದ್ದ ಅಜ್ಜಯ್ಯ ಕೋಲೂರಿ ಎದ್ದು ನಿಂತರು.

"ನಾನು, ಪಟೇಲರೇ. ಇನ್ನೊಂದು ಸಲ ಗಟ್ಟಿಯಾಗಿ ಕೇಳಿ, ಹಿಂದಿನವರಿಗೂ ಕೇಳಿಸಲಿ."