ಹೊಸ ಟಯರಿನ ಮೂಲೆ

ಮರುಳಸಿದ್ಧ ಎಂಬ ಶಿಷ್ಯ ಗುರುಗಳನ್ನು ಕೇಳಿದ: "ಬುದ್ಧಿ, ಮಠದಲ್ಲಿ ನಾವು ನಾಲ್ವರು ಶಿಷ್ಯರು. ಉಳಿದ ಮೂವರಿಗೆ ಪೂಜೆಯ ಹೊತ್ತಿಗೆ ತೂಕಡಿಕೆ, ಊಟದ ಹೊತ್ತಿಗೆ ಜಗಳ. ನಿಮ್ಮ ದಯದಿಂದ ನನ್ನ ಮನಸ್ಸು ಮಾತ್ರ ಒಂದು ಹದಕ್ಕೆ ಬಂದಿದೆ. ಮಹಡಿಯ ಮೇಲಿನ ಹೊಸ ಕೋಣೆಯನ್ನು ನನಗೊಬ್ಬನಿಗೇ ಕೊಟ್ಟರೆ ಬೇಗ ಗುರಿ ಮುಟ್ಟುತ್ತೇನೆ. ಕೊಡಬಾರದೆ?"

ಗುರುಗಳು ಕೊಡುತ್ತೇನೆ ಎನ್ನಲಿಲ್ಲ, ಕೊಡುವುದಿಲ್ಲ ಎನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಅವನಿಗೆ ಮೊಮ್ಮಗ ಹುಟ್ಟಿದ. ಸೊಸೆಯ ತವರಿನಲ್ಲಿ ನಾಮಕರಣ. ಮಗುವಿಗೆ ತೀರಿಹೋದ ಮುತ್ತಜ್ಜ ಕೊಟ್ರಬಸಪ್ಪನ ಹೆಸರಿಡಬೇಕು, ಅದನ್ನು ಕಿವಿಯಲ್ಲಿ ಹೇಳುವವಳು ವ್ಯಾಪಾರಿಯ ತಾಯಿಯೇ ಆಗಬೇಕು ಎಂದು ಮಾತಾಗಿತ್ತು. ಆ ಮುದುಕಿ ಗಂಡ ಇರುವ ತನಕ ಒಮ್ಮೆಯೂ ಅವನ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಮರಿಮಗನ ಕಿವಿಯಲ್ಲಾದರೂ ಅದನ್ನು ಹೇಳಿಬಿಡಬೇಕು ಎಂಬುದು ಅವಳ ಒಂದೇ ಆಸೆ. ಬೀಗರಿಗೆ ಆ ಹೆಸರು ಹಳತೆನಿಸಿತ್ತು. ಮುಹೂರ್ತಕ್ಕೆ ನೀವು ಬಂದರೆ ಸರಿ, ಬಾರದಿದ್ದರೆ ಹೆಸರು ನಮ್ಮಿಷ್ಟದ್ದು ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು.

ಹೊರಡುವ ಹಿಂದಿನ ದಿನ ನೋಡಿದರೆ ಕಾರಿನ ನಾಲ್ಕೂ ಟಯರುಗಳು ಸವೆದು ಬೋಳಾಗಿದ್ದವು. ಅಂಗಡಿಯಲ್ಲಿ ಆ ಅಳತೆಯವು ಎರಡೇ ಇದ್ದವು. ಎಲ್ಲಿಗೆ ಹಾಕಲಿ ಎಂದು ಅಂಗಡಿಯವನು ಕೇಳಿದ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದ ವ್ಯಾಪಾರಿ. ಕೆಲಸ ಕೆಟ್ಟದ್ದು ಅಲ್ಲೇ.

"ಹೆಸರು ಹೇಳೋಳು ನಾನು. ನನ್ನ ಕೆಳಗೆ ಹೊಸದು ಹಾಕ್ಸು," ಎಂದಳು ತಾಯಿ.

"ಮಗೀನ ಬೆಳ್ಳಿ ಉಡದಾರ ನನ್ನ ಮಡಿಲಾಗೆ ಇರ್ತೈತೆ. ನಾನೇನು ಬೋಳು ಟಯರಿನ ಮ್ಯಾಲೆ ಕೂತ್ಕಬೇಕೇನು?" ಎಂದಳು ಹೆಂಡತಿ.

"ಗಾಡಿ ಹೊಡಿಯೋನೇ ಹೋದ್ರೆ ನಿಮ್ಮನ್ನ ಕರ್ಕಂಡು ಹೋಗೋರ್ಯಾರು?" ಎಂದ ವ್ಯಾಪಾರಿ.

ಹೆಂಡತಿಯ ತಮ್ಮನೊಬ್ಬ ಆ ಮನೆಯಲ್ಲೇ ಇದ್ದ. ಮದುವೆಯಾಗಿರಲಿಲ್ಲ. "ನಂಗೆ ಹಳೇದೇ ಇರ್ಲಿ ಬಿಡ್ರಿ. ನಾನು ಹೋದ್ರೆ ಅಳೋರು ಯಾರಿದಾರೆ?" ಎಂದು ಅವನು ಊಟ ಬಿಟ್ಟು ಎದ್ದ.

ಕೊನೆಗೆ ಒಂದು ಹೊಸ ಟಯರು ಮುಂದಿನ ಬಲಕ್ಕೆ, ವ್ಯಾಪಾರಿಯ ಕೆಳಗೆ ಬಂತು. ಇನ್ನೊಂದು ಹಿಂದಿನ ಎಡಕ್ಕೆ, ತಾಯಿಯ ಕೆಳಗೆ. ಹೊಸ ಎರಡಕ್ಕೂ ಅರಿಶಿನ ಕುಂಕುಮ ಹಚ್ಚಿ ನಿಂಬೆಹಣ್ಣು ಇಟ್ಟರು. ಹಳೆಯವನ್ನು ಯಾರೂ ಮಾತಾಡಿಸಲಿಲ್ಲ. ಮನೆಯ ಮಕ್ಕಳನ್ನೆಲ್ಲ ತೂಗಿದ ಹಳೆಯ ತೊಟ್ಟಿಲನ್ನು ಒಯ್ಯಬೇಕಿತ್ತು. ಡಿಕ್ಕಿಯಲ್ಲಿ ಜಾಗ ಸಾಲಲಿಲ್ಲ. ಸ್ಟೆಪ್ನಿಯನ್ನು ತೆಗೆದು ಹಿತ್ತಲಿಗೆ ಉರುಳಿಸಿದರು. ಅದರ ಮೇಲೆ ಯಾರೂ ಕೂರುವುದಿಲ್ಲವಲ್ಲ!

ಊರು ದಾಟುವ ಮೊದಲೇ ಹೆಂಡತಿ ಮುಂದಿನ ಸೀಟು ಬಿಟ್ಟು ಹಿಂದಕ್ಕೆ ಹೋಗಿ ಅತ್ತೆಗೆ ಒತ್ತಿಕೊಂಡು ಕೂತಳು. ಅತ್ತೆ ಸೊಸೆ ಅಷ್ಟು ಹತ್ತಿರ ಕೂತದ್ದು ಅದೇ ಮೊದಲು. ಸ್ವಲ್ಪ ದೂರ ಹೋದ ಮೇಲೆ, ಅಳುವವರಿಲ್ಲದ ತಮ್ಮನೂ ಮೆಲ್ಲಗೆ ಅಕ್ಕನ ಕಡೆ ಸರಿದ.

ಅರ್ಧ ದಾರಿಯಲ್ಲಿ ಮುಂದಿನ ಎಡಗಡೆಯ ಹಳೆಯ ಟಯರು ಢಬ್ಬೆಂದು ಒಡೆಯಿತು. ಕಾರು ಕುಂಟುತ್ತ ಹೋಗಿ ಒಂದು ಹೊಂಗೆಮರದ ಕೆಳಗೆ ನಿಂತಿತು. ಯಾರೂ ಇಳಿಯಲಿಲ್ಲ.

"ನಂದಲ್ಲ," ಎಂದ ವ್ಯಾಪಾರಿ.

"ನಮ್ದೂ ಅಲ್ಲ," ಎಂದಳು ತಾಯಿ.

"ನೋಡಿದ್ರಾ! ನಾನು ಮುಂದೇನೇ ಕೂತಿದ್ರೆ ನನ್ನ ಗತಿ ಏನಾಗ್ತಿತ್ತು?" ಎಂದಳು ಹೆಂಡತಿ.

ಒಂದು ಬಸ್ಸು ಬಂತು. ಬೀಗರ ಊರಿಗೆ ಹೋಗುವ ಬಸ್ಸೇ. ಹೆಂಡತಿಯ ತಮ್ಮ ಕೈ ಮಾಡಲು ಹೋದ. ಮುದುಕಿ ತಡೆದಳು. "ಆ ಬಸ್ಸಿನ ಟಯರು ಎಂಥವೋ ಏನೋ. ಹೊಸದನ್ನ ಬಿಟ್ಟು ಇಳೀಬ್ಯಾಡ." ಬಸ್ಸು ಹೋಯಿತು.

ಬೀಗರ ಫೋನು ಬಂತು. ಮುಹೂರ್ತ ಮೀರುತ್ತಿದೆ, ಎಲ್ಲಿದ್ದೀರಿ ಎಂದರು. "ನಾವೆಲ್ಲ ಆರಾಮಾಗಿದೀವಿ. ಕಾರು ಒಂದು ನಿಂತೈತೆ, ಅಷ್ಟೆ," ಎಂದಳು ಮುದುಕಿ. ಬೀಗರು ಪಕ್ಕದ ಮನೆಯಿಂದ ತೊಟ್ಟಿಲು ತಂದು ಮಗುವನ್ನು ಮಲಗಿಸಿದರು. ಬೀಗಿತ್ತಿ ಅದರ ಕಿವಿಯಲ್ಲಿ ಕ್ರಿಯಾಂಶ್ ಎಂದಳು. ಇನ್ನೂ ಇಟ್ಟಿರದ ಫೋನಿನಲ್ಲಿ ಇವರಿಗೂ ಕೇಳಿಸಿತು. ಮುದುಕಿಗೆ ಆಗ ದುಃಖ ತಡೆಯಲಾಗಲಿಲ್ಲ. ಗಂಡನ ಹೆಸರು ಬಾಯಲ್ಲೇ ಉಳಿಯಿತು ಎಂದು ಅತ್ತಳು. ಅವಳ ಕೆಳಗಿನ ಟಯರು ಮಾತ್ರ ಚೆನ್ನಾಗಿತ್ತು. ಅದರ ಅಂಚಿನಲ್ಲಿ ಮೂಡಿದ್ದ ಎಳೆಯ ರಬ್ಬರಿನ ಕೂದಲು ಕೂಡ ಸವೆದಿರಲಿಲ್ಲ.

ಕತೆ ಕೇಳಿ ಮರುಳಸಿದ್ಧ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ಜನ ಬುದ್ಧಿ! ಒಂದೇ ಕಾರಿನಲ್ಲಿ ಕೂತು ನಂದು, ನಮ್ದು ಅಂತಾರಲ್ಲ!" ಎಂದ.

ಅವನ ನಗು ಮುಗಿಯುವ ತನಕ ಗುರುಗಳು ಕಾದರು. ಆಮೇಲೆ ಮಹಡಿಯ ಕೋಣೆಯ ಬೀಗದ ಕೈಯನ್ನು ಅವನ ಮುಂದಿಟ್ಟು ಕೇಳಿದರು:

"ತಗೋ. ಈ ಕೋಣೆ ಆ ಕಾರಿನ ಯಾವ ಮೂಲೆಗೆ ಬರುತ್ತದೆ, ಅದೊಂದು ಹೇಳಿ ಹೋಗು."

ಮರುಳಸಿದ್ಧ ಬೀಗದ ಕೈ ಮುಟ್ಟದೆ, ಉಳಿದ ಮೂವರು ಇದ್ದಲ್ಲಿಗೆ ಎದ್ದು ಹೋದ.